ಸೂಜಿಗೆ ಹೆದರ್ತೇವೆ, ಬೆನ್ನುನೋವಿಗೆ ಎಣ್ಣೆ ತಿಕ್ತೇವೆ

ನಮಸ್ಕಾರ. ಸ್ತನದಲ್ಲಿ ಗಂಟು ಕೈಗೆ ಸಿಕ್ಕಿದ್ರೆ ಮಂಗಳೂರು, ಉಡುಪಿ ಕಡೆ ಮೊದಲು ಕೇಳುವ ಮಾತು ಇದು: “ಸೂಜಿ ಹಾಕಿಸ್ಬೇಡಿ ಮಾರಾಯ್ರೇ, ಕ್ಯಾನ್ಸರ್ ಮೈಯೆಲ್ಲ ಹರಡ್ತದೆ.” ಈ ಮಾತಿಗೆ ನನ್ನ ತಕರಾರು ಉಂಟು. ಬಯಾಪ್ಸಿ (ಗಂಟಿನ ಚೂರು ತೆಗೆದು ಪರೀಕ್ಷೆ ಮಾಡುವುದು) ಸೂಜಿಯ ದಾರಿಯಲ್ಲಿ ನಾಲ್ಕು ಕೋಶ ಜಾರುವುದು ಸುಳ್ಳಲ್ಲ, ಆದರೆ ಅವು ಹೆಚ್ಚಾಗಿ ಅಲ್ಲೇ ಸಾಯ್ತವೆ. ಹರಡುವ ಗಡ್ಡೆ ಸೂಜಿಗೆ ಕಾಯುವುದಿಲ್ಲ, ತನ್ನ ದಾರಿ ತಾನೇ ಮಾಡಿಕೊಂಡಿರ್ತದೆ.

ಹಾಲಿನ ನಾಳದ ಸುತ್ತ ಒಂದು ತೆಳು ಪೊರೆ ಉಂಟು. ಕೆಟ್ಟ ಕೋಶ ಅದರ ಒಳಗಿದ್ದಷ್ಟು ದಿನ ಬೇರೆ ಕಡೆ ಹೋಗುವುದಿಲ್ಲ. ಪೊರೆ ಕರಗಿಸಿ ಹೊರಬಿದ್ದರೆ ಒಂದೋ ಲಿಂಫ್ ಎಂಬ ತಿಳಿ ದ್ರವ ಹರಿಯುವ ನಾಳ ಹಿಡಿದು ಕಂಕುಳಿನ ಗ್ರಂಥಿಗೆ, ಇಲ್ಲ ನೇರ ರಕ್ತಕ್ಕೆ. ಸರ್ಜನ್ ನೀಲಿ ಬಣ್ಣ ಚುಚ್ಚಿ ಕಂಕುಳಿನಲ್ಲಿ ಹುಡುಕುವುದು ಆ ದಾರಿಯ ಮೊದಲ ಗ್ರಂಥಿಯನ್ನೇ. ಕಂಕುಳು ಚೊಕ್ಕ ಇದ್ದರೂ ರಕ್ತದ ದಾರಿ ಮುಚ್ಚಿದೆ ಅಂತ ಅಲ್ಲ.

ರಕ್ತಕ್ಕೆ ಬಿದ್ದದ್ದೆಲ್ಲ ಬೇರು ಬಿಡುವುದೂ ಇಲ್ಲ. 1889ರಲ್ಲಿ ಲಂಡನಿನ ಸ್ಟೀಫನ್ ಪ್ಯಾಜೆಟ್ ಎಂಬ ಸರ್ಜನ್ ಸ್ತನ ಕ್ಯಾನ್ಸರಿನಿಂದ ಸತ್ತ 735 ಜನರ ಲೆಕ್ಕ ತೆಗೆದರು: 241 ಜನರ ಲಿವರಿಗೆ ಹರಡಿತ್ತು, ಗುಲ್ಮಕ್ಕೆ (ಸ್ಪ್ಲೀನ್) ಬರೇ 17. ರಕ್ತ ಎರಡಕ್ಕೂ ಹೋಗ್ತದಲ್ವಾ? ಬೀಜಕ್ಕೆ ಒಗ್ಗುವ ಮಣ್ಣು ಬೇಕು ಅಂದರು ಅವರು. ಸ್ತನದ ಕ್ಯಾನ್ಸರಿಗೆ ಮುಖ್ಯವಾಗಿ ಒಗ್ಗುವುದು ಎಲುಬು, ಶ್ವಾಸಕೋಶ, ಲಿವರ್, ಮೆದುಳು.

ಎಲುಬಿನ ಕತೆ ವಿಚಿತ್ರ. ಕ್ಯಾನ್ಸರ್ ಕೋಶ ತಾನೇ ಎಲುಬು ತಿನ್ನುವುದಲ್ಲ. ಹಳೆ ಎಲುಬು ಕರಗಿಸುವ ಕೋಶಗಳು ನಮ್ಮಲ್ಲೇ ಇದ್ದಾವೆ, ಅವುಗಳನ್ನು ಕೆರಳಿಸ್ತದೆ. ಕರಗಿದ ಎಲುಬಿನಿಂದ ಹೊರಬರುವ ಬೆಳವಣಿಗೆಯ ಅಂಶ ಗಡ್ಡೆಗೇ ಗೊಬ್ಬರ. ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ಆ ಕರಗುವಿಕೆಯನ್ನೇ ತಡೀತದೆ. (ಶುರು ಮಾಡುವ ಮೊದಲು ಹಲ್ಲು ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆ ಮಾಯದೆ ಉಳಿಯುವ ಅಪಾಯ ಉಂಟು.) ಇನ್ನೊಂದು, ಅದು “ಎಲುಬಿನ ಕ್ಯಾನ್ಸರ್” ಅಲ್ಲ. ಸ್ತನದ ಕೋಶವೇ ಎಲುಬಿನಲ್ಲಿ ಕೂತದ್ದು, ಮದ್ದೂ ಸ್ತನ ಕ್ಯಾನ್ಸರಿನದ್ದೇ.

ನಾವು ನಿಜವಾಗಿ ಹೆದರಬೇಕಾದ ಜಾಗ ಇಲ್ಲಿ ಬರ್ತದೆ. ಈಸ್ಟ್ರೊಜನ್ ಎಂಬ ಹೆಣ್ಣು ಹಾರ್ಮೋನಿನ ಗ್ರಾಹಕ ಇರುವ ಜಾತಿಯ ಸ್ತನ ಕ್ಯಾನ್ಸರ್, ಚಿಕಿತ್ಸೆ ಮುಗಿದ ಮೇಲೂ 10, 15 ವರ್ಷ ಮಲಗಿದ್ದು ಏಳಬಹುದು. ಅಷ್ಟರಲ್ಲಿ ಎಲ್ಲರಿಗೂ ಮರೆತಿರ್ತದೆ. ಬೆನ್ನು ನೋವು ಅಂದರೆ ಬೀಡಿ ಕಟ್ಟಿದ್ದು, ಮಲ್ಲಿಗೆ ಕಟ್ಟಿದ್ದು ಅಂತ ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಕೊಳ್ತೇವೆ. ಕೂತು ಬಂದ ನೋವು ಮಲಗಿದ್ರೆ ಸಾಮಾನ್ಯವಾಗಿ ಇಳೀತದೆ. ಮಲಗಿದ ಮೇಲೆ, ರಾತ್ರಿ, ಜೋರಾಗ್ತಾ ಹೋದರೆ ಹಳೆ ಫೈಲ್ ಹಿಡ್ಕೊಂಡು ಕ್ಯಾನ್ಸರ್ ಡಾಕ್ಟ್ರ ಹತ್ರವೇ ಹೋಗಿ, ಮಾಲಿಶಿಗಲ್ಲ. ಕಾಲು ಸೋತರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು; ಅದೇ ದಿನ ಇಡೀ ಬೆನ್ನುಹುರಿಯ ಎಂಆರ್‌ಐ ಆಗ್ಬೇಕು, ಸೋಮವಾರದ ಓಪಿಡಿಗೆ ಕಾಯ್ಬಾರದು. ನಡ್ಕೊಂಡು ಬಂದವರು ರೇಡಿಯೇಷನ್ ಆದ ಮೇಲೂ ಹೆಚ್ಚಿನವರು ನಡೀತಾರೆ. ಕಾಲು ಪೂರಾ ಬಿದ್ದ ಮೇಲೆ ಬಂದರೆ ಮತ್ತೆ ಎದ್ದು ನಡೆಯುವವರು ಕಡಿಮೆ.