ಮೊದಲು ಬರೆದುಕೊಳ್ಳಿ, ಆಮೇಲೆ ಸುಣ್ಣ ಬಳಿಯಿರಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬೀದರ್ ಜಿಲ್ಲೆಯ ಹಳ್ಳಿಗಳಲ್ಲಿ ಚರ್ಚಿನ ಆವರಣದಲ್ಲೋ ಊರಾಚೆಯ ಹೊಲದ ಬದುವಿನ ಪಕ್ಕದಲ್ಲೋ ಇರುವ ಕ್ರೈಸ್ತರ ಸಮಾಧಿಭೂಮಿಗಳ ಬಗ್ಗೆ ಇವತ್ತು ಮಾತನಾಡುತ್ತೇನೆ. ಅಲ್ಲಿನ ಗೋರಿಕಲ್ಲುಗಳ ಮೇಲೆ ಇರುವ ಅಕ್ಷರಗಳನ್ನು ಯಾರಾದರೂ ಕುಳಿತು ಬರೆದುಕೊಳ್ಳಬೇಕು, ಅದೂ ಈಸ್ಟರ್ ಹಬ್ಬಕ್ಕೆ ಸುಣ್ಣ ಬಳಿಯುವ ಮೊದಲೇ ಆಗಬೇಕು ಎಂಬುದು ನನ್ನ ಕೋರಿಕೆ.

ಶಾಸನವೆಂದರೆ ನಮ್ಮ ಭಾಗದವರಿಗೆ ಹೊಸದಲ್ಲ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಕಾಳಿ ಗುಡಿಯ ಚಾವಣಿ ಕುಸಿದು ಬಿದ್ದ ಮೇಲೆ ಅಶೋಕನ ಶಾಸನವಿದ್ದ ಬಂಡೆ ಬೆಳಕಿಗೆ ಬಂತು. ಎಷ್ಟೋ ಕಾಲ ದೇವಿಯ ಮೂರ್ತಿಗೆ ಪೀಠವಾಗಿದ್ದ ಕಲ್ಲು ಅದು. ಬೀದರಿನ ಪಕ್ಕದ ಅಷ್ಟೂರಿಗೆ ಹೋದರೆ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಸಮಾಧಿಯ ಒಳಗೆ ಗೋಡೆ ತುಂಬ ಚಿನ್ನದ ಬಣ್ಣದ ಬರಹ. ಇವನ್ನೆಲ್ಲ ಓದಲು ಪಂಡಿತರಿದ್ದಾರೆ, ಕಾಯಲು ಪುರಾತತ್ವ ಇಲಾಖೆ ಇದೆ. ಶಾಸನಗಳ ಪಡಿಯಚ್ಚು ತೆಗೆದು ಜೋಪಾನ ಮಾಡುವ ಕಚೇರಿ ಮೈಸೂರಿನಲ್ಲಿದೆ. ಆದರೆ ಹುಮನಾಬಾದ್ ಕಡೆಯ ಒಂದು ಹಳ್ಳಿಯಲ್ಲಿ, ಎಂಬತ್ತು ತೊಂಬತ್ತು ವರ್ಷಗಳ ಹಿಂದೆ ತೀರಿಕೊಂಡ ಒಬ್ಬ ಕೂಲಿಕಾರನ ಹೆಸರಿರುವ ಕಲ್ಲನ್ನು ಕಾಯುವವರು ಯಾರು? ಆ ಕಲ್ಲು ಒಡೆದರೆ ಅವನ ಹೆಸರು ಬೇರೆಲ್ಲೂ ಸಿಗುವುದಿಲ್ಲ.

ಇದನ್ನು ನಾನು ಭಾವುಕತೆಯಿಂದ ಹೇಳುತ್ತಿಲ್ಲ. ಜನನ ಮರಣ ನೋಂದಣಿಯನ್ನು ದೇಶದೆಲ್ಲೆಡೆ ಕಡ್ಡಾಯ ಮಾಡಿದ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಮೊದಲು ನಮ್ಮ ಹಳ್ಳಿಗಳಲ್ಲಿ ಬಡವರು ಹುಟ್ಟಿದ್ದಕ್ಕೂ ಸತ್ತದ್ದಕ್ಕೂ ಕಾಗದ ಸಿಗುವುದು ಅಪರೂಪ. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ಮೆಥೋಡಿಸ್ಟ್ ಮಿಷನ್ ಬೀದರಿಗೆ ಬಂದ ಮೇಲೆ ಕ್ರೈಸ್ತ ಸಭೆಗೆ ಸೇರಿದ ಕುಟುಂಬಗಳಲ್ಲಿ ಬಹುಪಾಲು ಊರ ಹೊರಗಿನ ಕೇರಿಯವು, ಅಸ್ಪೃಶ್ಯತೆಯ ನೋವನ್ನು ಉಂಡವು. ಹೊಲದ ಪಹಣಿಯಲ್ಲಿ ಅವರ ಹೆಸರಿಲ್ಲ, ಗುಡಿಯ ಕಂಬದ ಮೇಲೆ ಅವರ ಹೆಸರಿಲ್ಲ. ಓದು ಬರಹ ತಲೆತಲಾಂತರದಿಂದ ನಿಷಿದ್ಧವಾಗಿದ್ದ ಮನೆಯವರು ತಮ್ಮ ತಂದೆಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿದರೆಂದರೆ, ಆ ಕಲ್ಲನ್ನು ನಾನು ಯಾವ ರಾಜಶಾಸನಕ್ಕೂ ಕಡಿಮೆ ಎಂದು ಎಣಿಸಲಾರೆ. ನಿಜಾಮರ ಕಾಲದಲ್ಲೇ, 1941ರಲ್ಲಿ, ಹೈದರಾಬಾದ್ ಸಂಸ್ಥಾನದ ಸಮಾಧಿಗಳ ಬರಹಗಳ ಪಟ್ಟಿಯೊಂದು ಪುಸ್ತಕವಾಗಿ ಅಚ್ಚಾಯಿತು. ಅದರ ಗಮನ ಬಹುಮಟ್ಟಿಗೆ ಯುರೋಪಿಯನ್ ಅಧಿಕಾರಿಗಳು, ಸೈನಿಕರು ಮತ್ತು ಅವರ ಮನೆಯವರ ಮೇಲಿತ್ತು. ಹಳ್ಳಿಯ ಸಭೆಯವರ ಕಲ್ಲುಗಳನ್ನು ಹಳ್ಳಿಯವರೇ ಪಟ್ಟಿ ಮಾಡಬೇಕು.

ಈಗ ಕಲ್ಲಿನ ಹತ್ತಿರ ಹೋಗೋಣ. ನಮ್ಮ ಕಡೆಯ ಹಳೆಯ ಗೋರಿಕಲ್ಲುಗಳಲ್ಲಿ ಹೆಚ್ಚಿನವು ಶಹಾಬಾದಿನ ಫರಸಿ. ಅದು ಪದರು ಪದರಾಗಿ ಕೂಡಿದ ಸುಣ್ಣಕಲ್ಲು. ಕೆತ್ತಲು ಹದವಾಗಿರುತ್ತದೆ, ಆದರೆ ಬಿಸಿಲಿಗೆ ಕಾದು ಮಳೆಗೆ ನೆನೆದು ವರ್ಷಗಳು ಕಳೆದಂತೆ ಮೇಲಿನ ಪದರು ಹಪ್ಪಳದ ಹಾಗೆ ಏಳುತ್ತದೆ. ಅಕ್ಷರ ಇರುವುದು ಆ ಪದರಿನಲ್ಲೇ. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲಿನದು ಇನ್ನೊಂದು ಕಥೆ. ಅದರ ಮೈ ತುಂಬ ತೂತು, ಸಣ್ಣ ಅಕ್ಷರ ಅದರಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅದರ ಮೇಲೆ ಗಾರೆ ಮೆತ್ತಿ, ಗಾರೆ ಹಸಿಯಿರುವಾಗಲೇ ಹೆಸರು ಬರೆದಿರುತ್ತಾರೆ. ಗಾರೆ ಉದುರಿದರೆ ಹೆಸರೂ ಉದುರುತ್ತದೆ.

ನಾನು ನೋಡಿದ ಒಂದು ಫರಸಿಯನ್ನು ವಿವರಿಸುತ್ತೇನೆ. ಮೊಳಕಾಲೆತ್ತರದ ಕಲ್ಲು, ಮೇಲ್ಗಡೆ ಸಣ್ಣ ಶಿಲುಬೆ. ಅದರ ಕೆಳಗೆ ‘ಕರ್ತನಲ್ಲಿ ನಿದ್ರಿಸಿದ’ ಎಂದು ಶುರುವಾಗುತ್ತದೆ. ಕೆತ್ತಿದವನಿಗೆ ಜಾಗದ ಅಂದಾಜು ಸಿಕ್ಕಿಲ್ಲ. ಸಾಲು ಅಂಚಿಗೆ ಬಂದು ನಿಂತಿದೆ, ಕೊನೆಯ ಅಕ್ಷರ ಕೆಳಗಿನ ಸಾಲಿಗೆ ಇಳಿದಿದೆ. ಅರ್ಕಾವತ್ತನ್ನು ಮೊದಲು ಮರೆತು ಆಮೇಲೆ ಎರಡು ಅಕ್ಷರಗಳ ನಡುವೆ ಸಣ್ಣದಾಗಿ ತೂರಿಸಿದ್ದಾನೆ. ತಲಕಟ್ಟುಗಳು ತೆಲುಗಿನವರು ಹಾಕುವ ಹಾಗೆ ಮೇಲಕ್ಕೆ ಚಾಚಿಕೊಂಡಿವೆ. ತೆಲಂಗಾಣದ ಗಡಿ ಅಲ್ಲಿಂದ ದೂರವಿಲ್ಲ, ಕಲ್ಲುಕುಟಿಗ ಆ ಕಡೆಯ ಅಕ್ಷರ ಕಲಿತವನಿರಬೇಕು. ಕೆಳಗೆ ಬೈಬಲಿನ ಕೀರ್ತನೆಯ ಸಾಲು, ‘ಯೆಹೋವನು ನನಗೆ ಕುರುಬನು’. ಮುಂದಿನ ಮಾತು ಮಣ್ಣಿನೊಳಗೆ ಹೂತಿದೆ.

ಇಂಥ ಕಲ್ಲನ್ನು ಕಂಡಾಗ ಕೈ ಮೊದಲು ಹೋಗುವುದು ತೊಳೆಯುವುದಕ್ಕೆ. ದಯವಿಟ್ಟು ತಡೆಯಿರಿ. ನಿಂಬೆಹಣ್ಣು, ಹುಣಸೆಹಣ್ಣು, ಬಚ್ಚಲು ತೊಳೆಯುವ ಆಸಿಡ್ ಇವು ಯಾವುವೂ ಫರಸಿಗೆ ತಾಗಬಾರದು. ಹುಳಿ ಬಿದ್ದ ಕಡೆ ಸುಣ್ಣಕಲ್ಲು ನೊರೆಯೆದ್ದು ಕರಗುತ್ತದೆ. ತಂತಿಯ ಬ್ರಷ್ ಬೇಡವೇ ಬೇಡ. ಅಕ್ಷರ ಕಾಣಲೆಂದು ಸೀಮೆಸುಣ್ಣ ತಿಕ್ಕುವವರಿದ್ದಾರೆ, ಹಿಟ್ಟು ಸವರುವವರೂ ಇದ್ದಾರೆ. ಎರಡೂ ಕಲ್ಲಿಗೆ ಕೇಡು. ಸವೆದ ಅಕ್ಷರದ ಮೇಲೆ ಆಯಿಲ್ ಪೇಂಟ್ ತುಂಬುವುದು ಅದಕ್ಕಿಂತ ಕೆಟ್ಟದ್ದು. ಪೇಂಟ್ ಹಚ್ಚುವ ಹುಡುಗ ತನಗೆ ತೋಚಿದ ಅಕ್ಷರವನ್ನು ಬರೆಯುತ್ತಾನೆ, ಮುಂದೆ ಎಲ್ಲರೂ ಅದನ್ನೇ ಓದುತ್ತಾರೆ. ಗೋರಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾಗದೆ ಉಪ್ಪು ಕಟ್ಟಿ ಕಲ್ಲನ್ನೇ ಒಡೆಯುತ್ತದೆ. ಪ್ರೀತಿಯಿಂದ ಮಾಡಿದ ರಿಪೇರಿಯಿಂದಲೇ ಹಾಳಾದ ಕಲ್ಲುಗಳನ್ನು ನೋಡಿ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹಾಗಾದರೆ ಓದುವುದು ಹೇಗೆ? ಬೆಳಕಿನಿಂದ. ನಡು ಮಧ್ಯಾಹ್ನ ಬೋಳಾಗಿ ಕಾಣುವ ಕಲ್ಲಿನ ಮೇಲೆ ಇಳಿಹೊತ್ತಿನ ಬಿಸಿಲು ಓರೆಯಾಗಿ ಬಿದ್ದರೆ, ಪ್ರತಿ ಗೀರಿನಲ್ಲೂ ನೆರಳು ತುಂಬಿ ಅಕ್ಷರ ಎದ್ದು ನಿಲ್ಲುತ್ತದೆ. ಕಲ್ಲು ಬಿಸಿಲಿಗೆ ಬೆನ್ನು ಹಾಕಿದ್ದರೆ ಮನೆಯ ಕನ್ನಡಿಯೊಂದನ್ನು ಒಯ್ದು ಪಕ್ಕದಿಂದ ಬೆಳಕು ಹಾಯಿಸಿ. ಕತ್ತಲಾದ ಮೇಲೆ ಬ್ಯಾಟರಿಯನ್ನು ಕಲ್ಲಿನ ಅಂಚಿಗೆ ತಾಗುವಂತೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಬೆಳಕನ್ನು ಎಡದಿಂದ ಒಮ್ಮೆ, ಬಲದಿಂದ ಒಮ್ಮೆ, ಮೇಲಿನಿಂದ ಒಮ್ಮೆ ಹಾಯಿಸಿ ನೋಡಿ. ಒಂದರಲ್ಲಿ ಕಾಣದ ಕೊಂಬು ಇನ್ನೊಂದರಲ್ಲಿ ಕಾಣುತ್ತದೆ.

ಬರೆದುಕೊಳ್ಳುವಾಗ ಕಲ್ಲಿನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಕಾಗುಣಿತ ತಿದ್ದಬೇಡಿ. ಸಾಲು ಮುಗಿದ ಕಡೆ ಓರೆಗೆರೆ ಎಳೆಯಿರಿ, ಅಳಿಸಿದ ಅಕ್ಷರಕ್ಕೆ ಚುಕ್ಕಿ ಇಡಿ, ಊಹಿಸಿದ್ದನ್ನು ಕಂಸದಲ್ಲಿ ಹಾಕಿ. ಒಬ್ಬರು ಓದಿದ್ದನ್ನು ಇನ್ನೊಬ್ಬರು ಕಲ್ಲಿನ ಮುಂದೆಯೇ ಸರಿನೋಡಬೇಕು. ಅಂಕೆಗಳ ಮೇಲಂತೂ ಮೈಯೆಲ್ಲ ಕಣ್ಣಾಗಿರಬೇಕು. ಕನ್ನಡದ ೩, ೬, ೯ ಸವೆದ ಕಲ್ಲಿನಲ್ಲಿ ಒಂದೇ ಥರ ಕಾಣುತ್ತವೆ. ಉರ್ದು ಅಂಕೆಯಲ್ಲಿ ಸೊನ್ನೆ ಎಂದರೆ ಬರೀ ಚುಕ್ಕಿ. ಕಲ್ಲಿನ ಸಹಜ ಗುಳಿ ಯಾವುದು, ಸೊನ್ನೆ ಯಾವುದು ಎಂದು ಬೆರಳಾಡಿಸಿ ನೋಡಬೇಕಾಗುತ್ತದೆ.

ಉರ್ದು ಯಾಕೆ ಬಂತು ಎಂದು ಕೆಲವರು ಕೇಳಬಹುದು. 1948ರ ಸೆಪ್ಟೆಂಬರಿನವರೆಗೂ ನಾವು ನಿಜಾಮರ ಆಳ್ವಿಕೆಯಲ್ಲಿದ್ದೆವು. ಕಚೇರಿ ಉರ್ದು, ಶಾಲೆಯೂ ಬಹಳ ಕಡೆ ಉರ್ದು. ಆಗಿನ ಸರ್ಕಾರಿ ಲೆಕ್ಕ ಫಸಲಿ ಸಂವತ್ಸರದ್ದು, ಅದು ಅಕ್ಟೋಬರಿನಲ್ಲಿ ಶುರುವಾಗುತ್ತಿತ್ತು. ಗೋರಿಕಲ್ಲಿನಲ್ಲಿ 1328 ಎಂದಿದ್ದರೆ ಅದು ಬಹಮನಿ ಸುಲ್ತಾನರಿಗಿಂತ ಹಿಂದಿನದು ಎಂದು ಬೆರಗಾಗಬೇಡಿ. ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ತಿಂಗಳಾದರೆ 590 ಕೂಡಿಸಿ, ಜನವರಿಯಿಂದ ಮುಂದಾದರೆ 591. ಆಗ ಆ ವರ್ಷ 1918ರ ಅಕ್ಟೋಬರಿನಲ್ಲಿ ಶುರುವಾಯಿತು ಎಂದು ತಿಳಿಯುತ್ತದೆ. ಇನ್‌ಫ್ಲುಯೆಂಜಾ ದೇಶವನ್ನೆಲ್ಲ ಗುಡಿಸಿಕೊಂಡು ಹೋದ ದಿನಗಳು ಅವು. ಒಂದೇ ಸಮಾಧಿಭೂಮಿಯಲ್ಲಿ ಆ ವರ್ಷದ ಕಲ್ಲುಗಳು ಸಾಲಾಗಿ ಸಿಕ್ಕರೆ, ನಿಮ್ಮ ಊರಿನಲ್ಲಿ ಆಗ ಏನು ನಡೆದಿರಬಹುದು ಎಂಬುದಕ್ಕೆ ಅದೇ ಸುಳಿವು. ಕಲ್ಲಿನಲ್ಲಿರುವ ವರ್ಷವನ್ನೂ ನೀವು ಲೆಕ್ಕ ಹಾಕಿದ ವರ್ಷವನ್ನೂ ಬೇರೆ ಬೇರೆ ಬರೆದಿಡಿ.

ಪ್ರತಿ ಗೋರಿಗೂ ಒಂದು ನಂಬರ್ ಬೇಕು, ಕಲ್ಲಿನ ಮೇಲೆ ಅಲ್ಲ, ನಿಮ್ಮ ನಕ್ಷೆಯ ಮೇಲೆ. ಚರ್ಚಿನ ಬಾಗಿಲನ್ನೋ ಒಂದು ಬೇವಿನ ಮರವನ್ನೋ ಗುರುತಾಗಿಟ್ಟುಕೊಂಡು ಹೆಜ್ಜೆ ಎಣಿಸಿ ಚಿತ್ರ ಬರೆದರೂ ಸಾಕು. ಫೋಟೊಗೂ ಅದೇ ನಂಬರ್ ಕೊಡಿ. ಬಿದ್ದಿರುವ ಫರಸಿಯನ್ನು ಒಬ್ಬರೇ ಎತ್ತಲು ಹೋಗಬೇಡಿ, ನಡುವೆ ಮುರಿಯುತ್ತದೆ. ಕೆಲಸ ಶುರು ಮಾಡುವ ಮುನ್ನ ಪಾಸ್ಟರ್ ಅವರನ್ನೂ ಸಭೆಯ ಹಿರಿಯರನ್ನೂ ಕೇಳಿ. ಇತ್ತೀಚಿನ ಗೋರಿಗಳಾದರೆ ಆ ಮನೆಯವರನ್ನೂ ಕೇಳಬೇಕು.

ಇನ್ನು ಅಕ್ಷರವೇ ಇಲ್ಲದ ಗೋರಿಗಳು. ಎಲ್ಲ ಕಡೆಯೂ ಇವೇ ಹೆಚ್ಚು. ತಲೆಗೊಂದು ಕಾಲಿಗೊಂದು ಗುಂಡುಕಲ್ಲು, ನಡುವೆ ಮಣ್ಣಿನ ದಿಬ್ಬ, ಅಷ್ಟೇ. ಚಿಕ್ಕ ದಿಬ್ಬಗಳು ಎಳೆಮಕ್ಕಳವು. ಇವು ಯಾರವೆಂದು ತಿಳಿಯಬೇಕಾದರೆ ಊರಿನ ಮುದುಕಿಯರನ್ನು ಕರೆದುಕೊಂಡು ಹೋಗಬೇಕು. ಗಂಡಸರು ಹೆಸರು ಹೇಳುತ್ತಾರೆ, ಹೆಣ್ಣುಮಕ್ಕಳು ಜಾಗ ತೋರಿಸುತ್ತಾರೆ. ಇದು ನಾನು ಮತ್ತೆ ಮತ್ತೆ ಕಂಡ ಸಂಗತಿ. ‘ಇದು ನಮ್ಮತ್ತೆಯದು, ಅದರ ಬಲಕ್ಕೆ ಹೆರಿಗೆಯಲ್ಲಿ ಹೋದ ನಾದಿನಿ, ಕೂಸನ್ನೂ ಅಲ್ಲೇ ಇಟ್ಟರು’ ಎಂದು ಒಬ್ಬ ಅಜ್ಜಿ ಕೋಲಿನಿಂದ ತೋರಿಸುತ್ತಾ ಹೋದರೆ ನಮ್ಮ ಪೆನ್ಸಿಲ್ ಓಡುವುದೇ ಕಷ್ಟ. ಯಾರು ಹೇಳಿದರು, ಯಾವ ದಿನ ಹೇಳಿದರು ಎಂಬುದನ್ನೂ ಅಲ್ಲೇ ಬರೆಯಿರಿ. ಚರ್ಚಿನ ದೀಕ್ಷಾಸ್ನಾನದ ಮತ್ತು ಸಮಾಧಿಯ ಹಳೆಯ ರಿಜಿಸ್ಟರ್ ಉಳಿದಿದ್ದರೆ ಅದರ ಜೊತೆ ತಾಳೆ ನೋಡಿ. ಎರಡೂ ಹೊಂದದಿದ್ದರೆ ಎರಡನ್ನೂ ಇಟ್ಟುಕೊಳ್ಳಿ. ನನ್ನ ಮಟ್ಟಿಗೆ ಕಲ್ಲಿಗಿಂತಲೂ ಅವಸರದ ಕೆಲಸ ಈ ಮುದುಕಿಯರ ಮಾತನ್ನು ಬರೆದುಕೊಳ್ಳುವುದು, ಏಕೆಂದರೆ ಕಲ್ಲು ಇನ್ನೊಂದು ಮಳೆಗಾಲ ತಡೆಯಬಹುದು.

ಬರೆದ ಪಟ್ಟಿ ಒಬ್ಬರ ಮೊಬೈಲಿನಲ್ಲೇ ಉಳಿದರೆ ಆ ಮೊಬೈಲ್ ಕೆಟ್ಟ ದಿನ ಎಲ್ಲವೂ ಹೋದಂತೆ. ಕಾಗದದ ಮೇಲೆ ಮುದ್ರಿಸಿ ಒಂದು ಪ್ರತಿಯನ್ನು ಚರ್ಚಿನ ಬೀರುವಿನಲ್ಲಿಡಿ. ಇನ್ನೊಂದನ್ನು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಕೊಡಿ. ಮತ್ತೊಂದನ್ನು ಗುಲಬರ್ಗಾ ವಿಶ್ವವಿದ್ಯಾಲಯದ ಇತಿಹಾಸ ವಿಭಾಗದವರ ಕೈಗೆ ಮುಟ್ಟಿಸಿ. ಮುಂಬೈಗೋ ಹೈದರಾಬಾದಿಗೋ ದುಡಿಯಲು ಹೋಗಿ ಅಲ್ಲೇ ನೆಲೆ ನಿಂತವರ ಮೊಮ್ಮಕ್ಕಳು ಎಂದಾದರೂ ಊರಿಗೆ ಬಂದು ಅಜ್ಜನ ಜಾಗ ಯಾವುದು ಎಂದು ಕೇಳಿದರೆ, ನಕ್ಷೆ ಬಿಡಿಸಿ ನಂಬರ್ ತೋರಿಸಲು ಒಬ್ಬರಾದರೂ ಇರಬೇಕು. ಮಳೆ ನಿಂತು ಹುಲ್ಲು ಒಣಗಿದ ಮೇಲೆ, ನವೆಂಬರಿನಿಂದ ಫೆಬ್ರವರಿಯವರೆಗೆ ಈ ಕೆಲಸಕ್ಕೆ ಒಳ್ಳೆಯ ಕಾಲ. ಬಿಸಿಲು ಓರೆಯಾಗಿರುತ್ತದೆ, ಹಾವಿನ ಭಯವೂ ಕಡಿಮೆ. ಸುಣ್ಣದ ಡಬ್ಬಿ ಬರುವ ಹೊತ್ತಿಗೆ ಪಟ್ಟಿ ಮುಗಿದಿರುತ್ತದೆ.

ನಮಸ್ಕಾರ.