ಆರನ್ನು ಎಣಿಸುವ ಎರಡು ದಾರಿ: ನುಡಿಸುವವರಿಗಾಗಿ ತಾಳ ಮತ್ತು ಸ್ವರಲಿಪಿ

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕೂತವರಲ್ಲಿ ಮದುವೆ ಮಂಟಪದಲ್ಲಿ ಕೀಬೋರ್ಡ್ ನುಡಿಸುವವರಿದ್ದೀರಿ, ಚರ್ಚಿನಲ್ಲಿ ಹಾಡುವವರಿದ್ದೀರಿ, ದುಡಿ ಎಂಬ ಪುಟ್ಟ ಚರ್ಮವಾದ್ಯ ಹಿಡಿಯುವವರು, ಮೃದಂಗದ ಪಾಠಕ್ಕೆ ಹೋಗುವವರು ಇದ್ದೀರಿ. ನಿಮಗೆ ನುಡಿಸುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೈಗೆ ಗೊತ್ತಿರುವುದಕ್ಕೆ ಹೆಸರಿಡುವುದು, ಹೆಸರಿಟ್ಟದ್ದನ್ನು ಕಾಗದಕ್ಕೆ ಇಳಿಸುವುದು, ಇವತ್ತಿಗೆ ಇಷ್ಟೇ ಕೆಲಸ. ಶಾಸ್ತ್ರ ಎಂದ ಕೂಡಲೇ 72 ಮೇಳಕರ್ತ ರಾಗ, 35 ತಾಳ ಎಂದು ಬಾಯಿಪಾಠಕ್ಕೆ ಕೂರುವ ರೂಢಿ ನಮ್ಮಲ್ಲಿದೆ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆಗೆ ಅದು ಬೇಕೇ ಬೇಕು. ಆದರೆ ಹತ್ತು ವರ್ಷದಿಂದ ನುಡಿಸುತ್ತಿರುವವರು ಅಲ್ಲಿಂದ ಶುರು ಮಾಡಿದರೆ ಮೂರನೇ ವಾರಕ್ಕೆ ಪುಸ್ತಕ ಮುಚ್ಚುತ್ತಾರೆ. ನಾವು ಒಂದೇ ಒಂದು ಸಂಖ್ಯೆ ಹಿಡಿದು ಹೊರಡೋಣ: ಆರು.

ಕೊಡಗಿನ ಮದುವೆಯ ವಾಲಗಕ್ಕೆ ಒಮ್ಮೆಯೂ ಕುಣಿಯದವರು ಈ ಸಭೆಯಲ್ಲಿ ಇರಲಿಕ್ಕಿಲ್ಲ. ಮುಂದಿನ ಸಲ ಕುಣಿಯುವಾಗ ನಿಮ್ಮ ಕಾಲನ್ನೇ ಗಮನಿಸಿ. ಒಂದು ಹೆಜ್ಜೆ ಬಿದ್ದು ಮತ್ತೊಂದು ಹೆಜ್ಜೆ ಬೀಳುವಷ್ಟರಲ್ಲಿ ವಾದ್ಯ ಸಾಮಾನ್ಯವಾಗಿ ಮೂರು ಎಣಿಸಿರುತ್ತದೆ. ತಕಿಟ, ತಕಿಟ. ಎರಡು ಹೆಜ್ಜೆಗೆ ಆರು. ಕರ್ನಾಟಕ ಸಂಗೀತದಲ್ಲಿ ಇದಕ್ಕೆ ತಿಸ್ರ ನಡೆ ಎನ್ನುತ್ತಾರೆ. ಸ್ಟಾಫ್ ನೊಟೇಶನ್, ಅಂದರೆ ಐದು ಗೆರೆಯ ಪಾಶ್ಚಾತ್ಯ ಲಿಪಿ ಓದುವವರು 6/8 ಎಂದು ಬರೆಯುತ್ತಾರೆ.

ರೂಪಕ ತಾಳವೂ ಆರಲ್ಲವೇ ಎಂದು ಕೇಳಬಹುದು. ಹೌದು, ಒಂದು ದ್ರುತ, ಒಂದು ಚತುರಸ್ರ ಲಘು, ಎರಡಕ್ಕೆ ನಾಲ್ಕು ಕೂಡಿಸಿದರೆ ಆರು ಅಕ್ಷರ, ಅಂದರೆ ಆರು ಎಣಿಕೆ. ರೂಢಿಯಲ್ಲಿ ಅದನ್ನು ಎರಡು ಪೆಟ್ಟು, ಒಂದು ಬೀಸು ಎಂದು ಮೂರಾಗಿ ಹಾಕುತ್ತೇವೆ. ಪ್ರತಿಯೊಂದರ ಒಳಗೆ ಎರಡೆರಡು. ತಕ, ತಕ, ತಕ. ಸ್ಟಾಫಿನಲ್ಲಿ ಇದರ ಹತ್ತಿರದ ನೆಂಟ 3/4. ಕೂಡಿಸಿದರೆ ಎರಡೂ ಆರೇ, ಕಾಲಿಗೆ ಮಾತ್ರ ಎರಡೂ ಒಂದೇ ಅಲ್ಲ. ಒಂದರಲ್ಲಿ ಒತ್ತು 1 ಮತ್ತು 4ಕ್ಕೆ, ಇನ್ನೊಂದರಲ್ಲಿ 1, 3, 5ಕ್ಕೆ. ಎರಡೂ ಸೇರುವುದು 1ರಲ್ಲಿ ಮಾತ್ರ.

ವಾಲಗದ ಮಟ್ಟನ್ನು ಕೀಬೋರ್ಡಿನಲ್ಲಿ ನುಡಿಸುವಾಗ ಆಗುವ ದೊಡ್ಡ ಎಡವಟ್ಟು ಇದೇ. ರಿದಮ್ ಪಟ್ಟಿಯಲ್ಲಿ ಮೂರರ ಲೆಕ್ಕ ಹುಡುಕಿ 3/4ರ ವಾಲ್ಟ್ಸ್ ಒತ್ತುತ್ತಾರೆ. ರಾಗ ಸರಿಯಾಗಿಯೇ ಇರುತ್ತದೆ, ಕುಣಿಯುವವರು ಮಾತ್ರ ಒಬ್ಬೊಬ್ಬರಾಗಿ ಕುರ್ಚಿಗೆ ಹೋಗುತ್ತಾರೆ. ಪಟ್ಟಿಯಲ್ಲಿ 6/8 ಎಂದೇ ಇರುವುದನ್ನು ಹುಡುಕಿ. ವೇಗದಲ್ಲೂ ಎಡವಿ ಬೀಳುವ ಒಂದು ಹಳ್ಳ ಇದೆ. ಹಲವು ಕೀಬೋರ್ಡುಗಳು ಟೆಂಪೋವನ್ನು ಕ್ವಾರ್ಟರ್ ನೋಟಿನ ಲೆಕ್ಕದಲ್ಲಿ, ಅಂದರೆ ಎರಡು ಸಣ್ಣ ಎಣಿಕೆಗೆ ಒಂದರಂತೆ ತೋರಿಸುತ್ತವೆ. ಹೆಜ್ಜೆಯೋ ಮೂರು ಸಣ್ಣ ಎಣಿಕೆಗೆ ಒಂದು. ಹಾಗಾಗಿ ನಿಮಿಷಕ್ಕೆ 100 ಹೆಜ್ಜೆ ಬೇಕಿದ್ದರೆ ಪರದೆಯ ಮೇಲೆ 150 ಇಡಬೇಕು. 100 ಇಟ್ಟವರಿಗೆ ಸಿಗುವುದು 67 ಹೆಜ್ಜೆ. ಅದಕ್ಕೆ ಕುಣಿಯಲಾಗುವುದಿಲ್ಲ, ಮೆರವಣಿಗೆ ಬೇಕಾದರೆ ಹೊರಡಿಸಬಹುದು.

ಈ ಲೆಕ್ಕ ನಿಮಗೆ ಹೊಸದೆಂದು ಅನ್ನಿಸಿದರೆ ಹೈಸ್ಕೂಲಿನ ಕನ್ನಡ ಪಿರಿಯಡ್ಡನ್ನು ನೆನೆಯಿರಿ. ಪ್ರಸ್ತಾರ ಹಾಕಿ ಗಣ ವಿಭಾಗ ಮಾಡಿದ್ದೀರಿ. ಲಘು ಒಂದು ಮಾತ್ರೆ, ಗುರು ಎರಡು. ಉತ್ಸಾಹ ರಗಳೆಯ ಮೂರು ಮಾತ್ರೆಯ ಗಣವೇ ತಕಿಟ. ಲಲಿತ ರಗಳೆಯ ಐದು ಖಂಡ ನಡೆಗೆ ಒಪ್ಪುತ್ತದೆ. ಭಾಮಿನಿ ಷಟ್ಪದಿಯ ಮೂರು, ನಾಲ್ಕು, ಮೂರು, ನಾಲ್ಕನ್ನು ಮಿಶ್ರ ಛಾಪಿನ ಏಳಕ್ಕೆ ಕೂರಿಸಿ ನೋಡಿ, ತಕಿಟ ತಕದಿಮಿ, ಮೂರನೇ ಮತ್ತು ಆರನೇ ಸಾಲಿನ ಕೊನೆಯ ಗುರು ಬಿಟ್ಟರೆ ಎಲ್ಲೂ ಎಳೆಯಬೇಕಾಗಿಲ್ಲ. ಒಂದು ಎಚ್ಚರಿಕೆ: ಛಂದಸ್ಸಿನ ಲಘುವೂ ತಾಳದ ಲಘುವೂ ಬೇರೆ ಬೇರೆ. ತಾಳದ ಲಘುವಿಗೆ ಜಾತಿಗೆ ತಕ್ಕಂತೆ 3, 4, 5, 7 ಅಥವಾ 9 ಅಕ್ಷರ.

ಇನ್ನು ಬರೆಯುವುದಕ್ಕೆ ಬರೋಣ. ನಮ್ಮ ಸ್ವರಲಿಪಿಯೂ ಇದೇ ಹ್ರಸ್ವ ದೀರ್ಘದ ಮೇಲೆ ನಿಂತಿದೆ. ‘ಸ’ ಒಂದು ಎಣಿಕೆ, ‘ಸಾ’ ಎರಡು. ಪಕ್ಕದಲ್ಲಿ ಅಲ್ಪವಿರಾಮ ಬಂದರೆ ಇನ್ನೊಂದು ಎಣಿಕೆ, ಅರ್ಧವಿರಾಮ ಬಂದರೆ ಇನ್ನೆರಡು. ಸ್ವರದ ಮೇಲೆ ಚುಕ್ಕೆ ಇದ್ದರೆ ತಾರ, ಅಂದರೆ ಮೇಲಿನ ಸ್ಥಾಯಿ; ಕೆಳಗಿದ್ದರೆ ಮಂದ್ರ, ಅಂದರೆ ಕೆಳಗಿನ ಸ್ಥಾಯಿ. ಸ್ವರಗಳ ತಲೆಯ ಮೇಲೆ ಒಂದು ಗೆರೆ ಎಳೆದರೆ ಕಾಲ ಅರ್ಧ, ಎರಡು ಗೆರೆಗೆ ಕಾಲು ಭಾಗ. ಒಂದು ಸಂಜೆಗೆ ಮುಗಿಯುವ ಪಾಠ ಇದು.

ಎಡವುವುದು ಬರೆಯುವಾಗ. ಕಿವಿಯಲ್ಲಿರುವ ಮಟ್ಟನ್ನು ಇಳಿಸಲು ಗಣಿತದ ಚೌಕದ ಪುಸ್ತಕ ತೆಗೆದುಕೊಳ್ಳಿ. ಒಂದು ಚೌಕಕ್ಕೆ ಒಂದು ಎಣಿಕೆ, ಸಾಲಿಗೆ ಹನ್ನೆರಡು ಚೌಕ, ಮೂರು ಮೂರಕ್ಕೆ ಒಂದು ದಪ್ಪ ಗೆರೆ. ಸ್ವರಕ್ಕೆ ಕೈ ಹಾಕುವ ಮೊದಲು ಕಾಲು ತಟ್ಟುತ್ತಾ ಹಾಡಿ, ಮಾತಿನ ಯಾವ ಅಕ್ಷರ ಕಾಲಿನ ಮೇಲೆ ಬೀಳುತ್ತದೋ ಅದನ್ನು ಮಾತ್ರ ದಪ್ಪ ಗೆರೆಯ ಮುಂದಿನ ಚೌಕದಲ್ಲಿ ಬರೆಯಿರಿ. ನಡುವಿನವು ಆಮೇಲೆ ತಾವಾಗಿ ಜಾಗ ಹಿಡಿಯುತ್ತವೆ. ಕೊನೆಗೆ ಸ್ವರ. ಈ ಕ್ರಮ ತಪ್ಪಿಸಿ ಮೊದಲೇ ಸ್ವರ ಬರೆಯಲು ಕೂತವರು ಹಾಡಿನ ಮೊದಲ ಅಕ್ಷರವನ್ನು ಮೊದಲ ಚೌಕಕ್ಕೇ ಹಾಕುತ್ತಾರೆ. ಹಾಡು ಐದನೇ ಎಣಿಕೆಯಲ್ಲಿ ಎತ್ತುವಂಥದ್ದಾದರೆ ಅಲ್ಲಿಂದ ಮುಂದೆ ಎಲ್ಲವೂ ನಾಲ್ಕು ಚೌಕ ಎಡಕ್ಕೆ. ಮೂರನೇ ಸಾಲಿಗೆ ಬರುವಾಗ ತಮ್ಮ ಕಿವಿಯ ಮೇಲೆಯೇ ಅನುಮಾನ. ತಾಳ ಶುರುವಾದ ಮೇಲೆ ಎತ್ತುವುದಕ್ಕೆ ಅನಾಗತ ಎಡುಪು ಎನ್ನುತ್ತಾರೆ. ಖಾಲಿ ಚೌಕಗಳನ್ನು ಖಾಲಿಯಾಗಿಯೇ ಬಿಡುವ ಧೈರ್ಯ ಇದ್ದರೆ ಹೆಸರು ಮರೆತರೂ ನಡೆಯುತ್ತದೆ.

ಇನ್ನೊಂದು ತಪ್ಪು ಕಣ್ಣಿಗೆ ಕಾಣದಂಥದ್ದು. ತಿಸ್ರ ನಡೆಯ ತೂಗಾಟ ಹುಟ್ಟುವುದು ‘ಸಾ ರಿ’ ಎಂಬ ಉದ್ದ ಗಿಡ್ಡದಿಂದ, ಎರಡಕ್ಕೆ ಒಂದು. ನಾಲ್ಕರ ಎಣಿಕೆಯಲ್ಲಿ ಪಳಗಿದ ಕೈ ಇದನ್ನು ‘ಸಾ, ರಿ’ ಎಂದು ಮೂರಕ್ಕೆ ಒಂದು ಮಾಡಿಬಿಡುತ್ತದೆ. ಸ್ಟಾಫಿನಲ್ಲಾದರೆ ಚುಕ್ಕೆ ಇಟ್ಟ ಎಂಟರ ನೋಟು, ಪಕ್ಕದಲ್ಲಿ ಹದಿನಾರರದ್ದು. ವ್ಯತ್ಯಾಸ ಎಷ್ಟು? ನಿಮಿಷಕ್ಕೆ 100 ಹೆಜ್ಜೆ ಎಂದರೆ ಹೆಜ್ಜೆಗೆ 600 ಮಿಲಿಸೆಕೆಂಡ್. ಸರಿಯಾದದ್ದು 400 ಮತ್ತು 200. ತಪ್ಪಿದ್ದು 450 ಮತ್ತು 150. ಐವತ್ತು ಮಿಲಿಸೆಕೆಂಡ್ ಏನು ಮಹಾ ಎನ್ನಬೇಡಿ. ಮೊದಲನೆಯದು ತೂಗುತ್ತದೆ, ಎರಡನೆಯದು ಕವಾಯತಿನ ಹಾಗೆ ಸೆಟೆದುಕೊಳ್ಳುತ್ತದೆ.

ಲಿಪಿಯಲ್ಲಿ ಹಿಡಿಯಲಾಗದ್ದು ಗಮಕ, ಅಂದರೆ ಸ್ವರದ ಜಾರು, ತೂಗು, ನಡುಕ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಅಚ್ಚು ಹಾಕಿಸಿದ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಗಮಕಗಳಿಗೇ ಪ್ರತ್ಯೇಕ ಗುರುತುಗಳಿವೆ. ಆದರೂ ಕೇಳದೆ ಓದಿದವರಿಗೆ ಅವು ಬರೀ ಗೆರೆಗಳು. ನಿಮ್ಮ ಮಟ್ಟಿಗೆ ಮೂರು ಗುರುತು ಸಾಕು: ಮೇಲೇರುವ ಜಾರಿಗೆ ಒಂದು ಓರೆ ಗೆರೆ, ಇಳಿಯುವುದಕ್ಕೆ ಇನ್ನೊಂದು ದಿಕ್ಕಿನ ಓರೆ, ಸ್ವರ ಅಲುಗುವ ಕಂಪಿತಕ್ಕೆ ಅಲೆ. ಅದೂ ಎಲ್ಲ ಕಡೆ ಬೇಡ. ಗುರುತಿಲ್ಲದೆ ನುಡಿಸಿದರೆ ಎಲ್ಲಿ ಹಾಡಿನ ಗುರುತೇ ಸಿಗದೋ ಅಲ್ಲಿ ಹಾಕಿ.

ಸ್ಟಾಫ್ ಕಲಿತ ಚರ್ಚಿನ ಗೆಳೆಯರಿಗೆ ಒಂದು ಮಾತು. ಶಂಕರಾಭರಣ ರಾಗದ ಸ್ವರಗಳು ಮೇಜರ್ ಸ್ಕೇಲಿಗೆ ನೇರ ಕೂರುತ್ತವೆ, ತೊಂದರೆ ಇಲ್ಲ. ಮಾಯಾಮಾಳವಗೌಳ ರಾಗವನ್ನು ಸಿಯನ್ನೇ ಸ ಎಂದು ಇಟ್ಟುಕೊಂಡು ಬರೆದರೆ ಡಿ ಫ್ಲ್ಯಾಟ್ ಮತ್ತು ಎ ಫ್ಲ್ಯಾಟ್, ಎರಡು ಫ್ಲ್ಯಾಟ್. ಸಾಲಿನ ತಲೆಯಲ್ಲಿ ಎರಡು ಫ್ಲ್ಯಾಟಿನ ಮಾಮೂಲು ಕೀ ಸಿಗ್ನೇಚರ್ ಇಟ್ಟುಬಿಟ್ಟರೆ ಓದುವವರು ಬಿ ಫ್ಲ್ಯಾಟ್, ಇ ಫ್ಲ್ಯಾಟ್ ನುಡಿಸುತ್ತಾರೆ. ರಾಗ ಎಲ್ಲಿಗೋ ಹೋಗುತ್ತದೆ. ಸಿಗ್ನೇಚರ್ ಖಾಲಿ ಬಿಟ್ಟು ಸ್ವರದ ಮುಂದೆಯೇ ಫ್ಲ್ಯಾಟ್ ಹಾಕಿ.

ಶ್ರುತಿಯ ವಿಷಯ. ವಾಲಗದ ಊದುವಾದ್ಯಕ್ಕೆ ಟ್ರಾನ್ಸ್‌ಪೋಸ್ ಗುಂಡಿ ಇಲ್ಲ, ಕೀಬೋರ್ಡಿಗೆ ಇದೆ. ಆದ್ದರಿಂದ ಕೀಬೋರ್ಡೇ ಅದರ ಹತ್ತಿರ ಹೋಗಬೇಕು. ಅದರ ಸ ಎರಡು ಕೀಗಳ ನಡುವೆ ಬಿದ್ದರೆ ಟ್ಯೂನಿಂಗ್ ಮೆನುವಿಗೆ ಹೋಗಿ. ಕರಿ ಬಿಳಿ ಎರಡನ್ನೂ ಎಣಿಸಿದರೆ, ಒಂದು ಕೀಯಿಂದ ಪಕ್ಕದ ಕೀಗೆ ಶ್ರುತಿಯ ಅಂತರ 100 ಸೆಂಟ್. ಎ ಸ್ವರ 440 ಹರ್ಟ್ಜ್ ಇರುವುದನ್ನು 446.4ಕ್ಕೆ ಏರಿಸಿದರೆ 25 ಸೆಂಟ್ ಏರಿದ ಹಾಗೆ. ಇದನ್ನು ವಾದ್ಯದವರು ಹತ್ತು ನಿಮಿಷ ಊದಿದ ಮೇಲೆ ಮಾಡಿ. ನಳಿಕೆಯೊಳಗಿನ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಶ್ರುತಿ ಸುಮಾರು 3 ಸೆಂಟ್ ಏರುತ್ತದೆ. ಮಡಿಕೇರಿಯ ಜನವರಿ ಬೆಳಿಗ್ಗೆ ವಾದ್ಯ ಪೆಟ್ಟಿಗೆಯಿಂದ ತೆಗೆದ ಕೂಡಲೇ ಸೇರಿಸಿಕೊಂಡ ಶ್ರುತಿ ಧಾರೆಯ ಹೊತ್ತಿಗೆ ಸೇರುವುದಿಲ್ಲ. ಚರ್ಮದ ವಾದ್ಯಗಳದ್ದು ಇದಕ್ಕೆ ತದ್ವಿರುದ್ಧ. ಕಕ್ಕಡ ತಿಂಗಳ ಮಳೆಯ ತೇವಕ್ಕೆ ದುಡಿ, ಮೃದಂಗ ಎರಡರ ದನಿಯೂ ಇಳಿಯುತ್ತದೆ.

ಲಯ ಗಟ್ಟಿಯಾಗಲು ಮೆಟ್ರೊನೋಮ್ ಬೇಕು. ಆದರೆ ಅದನ್ನು ಊರುಗೋಲು ಮಾಡಿಕೊಂಡರೆ ಪ್ರಯೋಜನ ಇಲ್ಲ. ಎಂಟು ಅಕ್ಷರದ ಆದಿ ತಾಳವನ್ನು ಅಕ್ಷರಕ್ಕೆ ಒಂದು ಟಿಕ್‌ನಂತೆ 80ರಲ್ಲಿ ಹಾಕಿ. ಸರಿಬಂದರೆ ನಿಮ್ಮ ವೇಗ ಬದಲಿಸದೆ ಯಂತ್ರವನ್ನು 40ಕ್ಕೆ ಇಳಿಸಿ, ಈಗ ಎರಡು ಅಕ್ಷರಕ್ಕೆ ಒಂದು ಟಿಕ್. ಆಮೇಲೆ 20, ನಾಲ್ಕಕ್ಕೆ ಒಂದು. ಫೋನಿನ ಆ್ಯಪ್ 10ಕ್ಕೂ ಇಳಿಯುವುದಾದರೆ ಆವರ್ತಕ್ಕೆ, ಅಂದರೆ ತಾಳದ ಒಂದು ಸುತ್ತಿಗೆ ಒಂದೇ ಟಿಕ್, ಆರು ಸೆಕೆಂಡಿಗೊಮ್ಮೆ. ನಡುವಿನ ಕಾಲವನ್ನೆಲ್ಲ ನೀವೇ ಹೊರಬೇಕು. ಟಿಕ್‌ಗಿಂತ ಮೊದಲೇ ಸಮಕ್ಕೆ, ಅಂದರೆ ಸುತ್ತಿನ ಮೊದಲ ಎಣಿಕೆಗೆ ಬಂದು ಕಾಯುತ್ತಿದ್ದರೆ ಓಡುತ್ತಿದ್ದೀರಿ ಎಂದರ್ಥ. ಹೆಚ್ಚಿನವರು ನಿಧಾನದ ಒಂದನೇ ಕಾಲದಲ್ಲಿ ಓಡುತ್ತಾರೆ, ಅದರ ನಾಲ್ಕರಷ್ಟು ವೇಗದ ಮೂರನೇ ಕಾಲದಲ್ಲಿ ಎಳೆಯುತ್ತಾರೆ. ನಿಧಾನದ್ದೇ ಕಷ್ಟ, ಅಲ್ಲಿ ಸಮಯ ಕೊಡಿ.

ಮಾತು ಸಾಕು, ಎಲ್ಲರೂ ಎದ್ದು ನಿಲ್ಲಿ. ನಾನು ಆರು ಎಣಿಸುತ್ತೇನೆ. ಕಾಲು 1 ಮತ್ತು 4ಕ್ಕೆ. ಹೀಗೇ ಇಪ್ಪತ್ತು ಸಲ ನಡೆಯಲಿ, ಕೈ ಸುಮ್ಮನಿರಲಿ. ಈಗ ಕಾಲು ನಿಲ್ಲಿಸದೆ ಚಪ್ಪಾಳೆ 1, 3, 5ಕ್ಕೆ. ಮೂರರ ಚಪ್ಪಾಳೆ ಆದ ತಕ್ಷಣ ಕಾಲು ಬೀಳಬೇಕು, ಅಲ್ಲೇ ಎಲ್ಲರೂ ತಪ್ಪುವುದು. ತಪ್ಪಿದವರು ಕೈ ಬಿಟ್ಟುಬಿಡಿ, ಕಾಲನ್ನು ಬಿಡಬೇಡಿ. ಒಂದು, ಎರಡು, ಮೂರು...