ಮೊದಲು ಬುಡ ನೋಡಿ

ಕೇಳುಗರಿಗೆಲ್ಲ ನಮಸ್ಕಾರ. ಹಳೆಯ ಬೆಳ್ಳಿ ಸಾಮಾನು, ಎನಾಮಲ್ ಕೆಲಸದ ಡಬ್ಬಿ, ಮೇಜಿನ ಗಡಿಯಾರ, ಫೋಟೋ ಚೌಕಟ್ಟು, ಇಂಥವನ್ನೆಲ್ಲ ಹರಾಜಿನಲ್ಲಿ ಕೊಳ್ಳುವುದು ಹೇಗೆ ಅಂತ ಮಾತಾಡಲು ಆಕಾಶವಾಣಿಯವರು ಕರೆದಿದ್ದಾರೆ. ಕೊಟ್ಟಿರುವ ಹೊತ್ತು ಕಡಿಮೆ, ವಿಷಯ ದೊಡ್ಡದು. ಹಾಗಾಗಿ ಹೇಳಬೇಕಾದ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಸಾಮಾನು ಕೈಗೆ ಬಂದ ಕೂಡಲೇ ಬೋರಲು ಹಾಕಿ. ಬುಡ ನೋಡಿ. ಮುಖ ಆಮೇಲೆ ನೋಡಿದರಾಯಿತು, ಅದೆಲ್ಲೂ ಓಡಿಹೋಗುವುದಿಲ್ಲ.

"ಇಷ್ಟೇನಾ?" ಅನ್ನಬೇಡಿ. ಈಗ ಹರಾಜು ಮೊಬೈಲಿಗೇ ಬಂದುಬಿಟ್ಟಿದೆ. ಲಂಡನ್ನಿನಲ್ಲಿ ನಡೆಯುವ ಹರಾಜಿಗೆ ಜಯನಗರದ ಮನೆಯಲ್ಲಿ ಕಾಫಿ ಕುಡಿಯುತ್ತಾ ಬೆಲೆ ಕೂಗಬಹುದು. ಮಗಳೋ ಅಳಿಯನೋ ಅಲ್ಲೇ ಕೆಲಸದಲ್ಲಿದ್ದರಂತೂ ಉತ್ಸಾಹ ಇನ್ನೂ ಜಾಸ್ತಿ. ಹಾಗೆ ಕೊಳ್ಳಬೇಕೆಂದಿರುವವರು ನನಗೆ ಫೋಟೋ ಕಳಿಸುತ್ತಾರೆ. ಟೀ ಪಾತ್ರೆ ಮುಂದಿನಿಂದ, ಪಕ್ಕದಿಂದ, ಹೂವಿನ ಕುಂಡದ ಜೊತೆ. ಫಳಫಳ ಹೊಳೆಯುತ್ತಿರುತ್ತದೆ. "ಎಷ್ಟು ಕೊಡಬಹುದು ಸಾರ್?" ನಾನು ತಿರುಗಿ ಕೇಳುವುದು ಒಂದೇ. ಬುಡದ ಫೋಟೋ ಎಲ್ಲಿ? ಆಮೇಲೆ ಉತ್ತರ ಬರಲು ಎರಡು ದಿನ. ಅಷ್ಟರಲ್ಲಿ ಹರಾಜೇ ಮುಗಿದಿರುತ್ತದೆ.

ಬುಡದಲ್ಲಿ ಏನಿರುತ್ತದೆ? ಇಂಗ್ಲೆಂಡಿನ ಬೆಳ್ಳಿಯಾದರೆ ಪುಟ್ಟ ಪುಟ್ಟ ಮುದ್ರೆಗಳ ಒಂದು ಸಾಲು. ಒಂದು ಕಾಲೆತ್ತಿ ನಡೆಯುತ್ತಿರುವ ಸಿಂಹ ಕಂಡರೆ ಅದು ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರದಲ್ಲಿ 925 ಪಾಲು ಶುದ್ಧ. 1544ರಿಂದ ಈ ಸಿಂಹ ನಡೆಯುತ್ತಲೇ ಇದೆ. ಅದರ ಪಕ್ಕದಲ್ಲಿ ಊರಿನ ಗುರುತು. ಚಿರತೆಯ ಮುಖವಾದರೆ ಲಂಡನ್, ಹಡಗಿನ ಲಂಗರಾದರೆ ಬರ್ಮಿಂಗ್‌ಹ್ಯಾಮ್, ಹಳೆಯ ಸಾಮಾನಿನ ಮೇಲೆ ಕಿರೀಟವಾದರೆ ಶೆಫೀಲ್ಡ್. ಬರ್ಮಿಂಗ್‌ಹ್ಯಾಮ್ ಎಲ್ಲಿ, ಸಮುದ್ರ ಎಲ್ಲಿ, ಲಂಗರು ಯಾಕೆ ಅಂತ ಕೇಳಬೇಡಿ, ಅದಕ್ಕೆ ಇನ್ನೊಂದು ಭಾಷಣವೇ ಬೇಕು. ಮುಂದೆ ಒಂದು ಇಂಗ್ಲಿಷ್ ಅಕ್ಷರ, ಅದು ವರ್ಷದ ಗುರುತು. ವರ್ಷ ವರ್ಷ ಅಕ್ಷರ ಬದಲಾಗುತ್ತದೆ. ಅಕ್ಷರಮಾಲೆ ಮುಗಿದರೆ ಅಕ್ಷರದ ಆಕಾರವನ್ನೋ ಅದರ ಸುತ್ತಲ ಚೌಕಟ್ಟನ್ನೋ ಬದಲಿಸಿ ಮತ್ತೆ ಶುರು. ಇವನ್ನೆಲ್ಲ ಪಟ್ಟಿ ಮಾಡಿದ ಸಣ್ಣ ಪುಸ್ತಕಗಳು ಸಿಗುತ್ತವೆ, ಜೇಬಿನಲ್ಲಿ ಹಿಡಿಸುತ್ತವೆ. ರಾಜನದೋ ರಾಣಿಯದೋ ತಲೆ ಇದ್ದರೆ ಸುಂಕ ಕಟ್ಟಿದ್ದಕ್ಕೆ ಸಾಕ್ಷಿ. ಅದನ್ನು 1784ರಿಂದ 1890ರವರೆಗೆ ಒತ್ತುತ್ತಿದ್ದರು. ಕೊನೆಗೆ ಕುಶಲಕರ್ಮಿಯ ಹೆಸರಿನ ಮೊದಲಕ್ಷರಗಳು.

ಈ ಕೊನೆಯ ಮುದ್ರೆಯೇ ಬೆಲೆಯನ್ನು ಎಲ್ಲಿಂದ ಎಲ್ಲಿಗೋ ಒಯ್ಯುವುದು. ಲಂಡನ್ನಿನಲ್ಲಿ ಹೆಸ್ಟರ್ ಬೇಟ್‌ಮನ್ ಅಂತ ಒಬ್ಬಾಕೆ ಇದ್ದಳು. ಗಂಡ ತೀರಿಕೊಂಡ ಮೇಲೆ ಕಾರ್ಖಾನೆಯನ್ನು ತಾನೇ ವಹಿಸಿಕೊಂಡು, 1761ರಲ್ಲಿ ತನ್ನ ಹೆಸರಿನಲ್ಲಿ ಮುದ್ರೆ ನೋಂದಾಯಿಸಿದಳು. ಓದು ಬರಹ ಬಾರದ ಹೆಂಗಸು. ಆದರೆ ಅವಳ ಎಚ್.ಬಿ. ಅನ್ನುವ ಎರಡಕ್ಷರ ಬುಡದಲ್ಲಿದ್ದರೆ ಇವತ್ತು ಒಂದು ಟೀ ಚಮಚಕ್ಕೂ ಜನ ಪೈಪೋಟಿ ಮಾಡುತ್ತಾರೆ. ಚಮಚಕ್ಕೆ ಬುಡ ಎಲ್ಲಿದೆ ಅನ್ನಬೇಡಿ. ಹಿಡಿಯ ಹಿಂಬದಿಯೇ ಅದರ ಬುಡ.

ಸಿಂಹ ಇಲ್ಲದೆ ಬರೀ ಇ.ಪಿ.ಎನ್.ಎಸ್. ಅಂತ ಇದ್ದರೆ? ಅದು ಬೆಳ್ಳಿಯಲ್ಲ. ಇನ್ನೊಮ್ಮೆ ಹೇಳುತ್ತೇನೆ, ಅದು ಬೆಳ್ಳಿಯಲ್ಲ. ತಾಮ್ರ, ನಿಕ್ಕಲ್, ಸತು ಸೇರಿದ ಲೋಹ. ನಮ್ಮ ಅಂಗಡಿಗಳಲ್ಲಿ ಅದನ್ನೇ ಜರ್ಮನ್ ಸಿಲ್ವರ್ ಅಂತ ಮಾರುವುದು. ಅದರ ಮೇಲೆ ವಿದ್ಯುತ್ತಿನಿಂದ ಬೆಳ್ಳಿಯ ತೆಳು ಲೇಪ ಕೊಟ್ಟಿರುತ್ತಾರೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಅವರು 1840ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು, ಆಮೇಲೆ ಮಧ್ಯಮ ವರ್ಗದ ಮೇಜುಗಳೆಲ್ಲ ಥಳಥಳ. ಈ ಅಕ್ಷರಗಳನ್ನೂ ಬೇಕೆಂದೇ ಪುಟ್ಟ ಪುಟ್ಟ ಗುರಾಣಿಯೊಳಗೆ ಒಂದೊಂದಾಗಿ ಕೂರಿಸಿರುತ್ತಾರೆ, ದೂರದಿಂದ ನೋಡಿದರೆ ಅಸಲಿ ಮುದ್ರೆಯ ಸಾಲೇ ಅನಿಸಬೇಕು. ಭೂತಗನ್ನಡಿ ಇಟ್ಟು ಓದಿ. ಕನ್ನಡಕ ಹಾಕಿಕೊಂಡು ಓದಿ. ಒಟ್ಟಿನಲ್ಲಿ ಓದಿ.

ನಮ್ಮ ಕಡೆಯ ಬೆಳ್ಳಿಗೆ ಸಿಂಹ ಹುಡುಕಬೇಡಿ. ಬ್ರಿಟಿಷರ ಕಾಲದಲ್ಲಿ ಇಲ್ಲಿ ಬೆಳ್ಳಿಯ ಶುದ್ಧತೆ ಪರೀಕ್ಷಿಸಿ ಮುದ್ರೆ ಒತ್ತುವ ಕಚೇರಿಯೇ ಇರಲಿಲ್ಲ. ಅಂಗಡಿಯ ಹೆಸರೇ ಮುದ್ರೆ. ಮದರಾಸಿನ ಪಿ. ಓರ್ ಅಂಡ್ ಸನ್ಸ್, ಕಲ್ಕತ್ತೆಯ ಹ್ಯಾಮಿಲ್ಟನ್, ನಮ್ಮ ಬೆಂಗಳೂರಿನ ಬಾರ್ಟನ್. ಕಛ್‌ನ ಅಕ್ಕಸಾಲಿಗ ಊಮರ್ಸಿ ಮಾವ್ಜಿಯ ಸಾಮಾನಾದರೆ ಓ.ಎಂ. ಭುಜ್ ಅನ್ನುವ ಇಷ್ಟೇ ಇಷ್ಟು ಅಕ್ಷರ. ಲಂಡನ್ನಿನ ಹರಾಜಿನಲ್ಲಿ ಈ ಪುಟ್ಟ ಅಕ್ಷರಗಳಿಗೆ ಇರುವ ಮರ್ಯಾದೆ ನೋಡಬೇಕು ನೀವು. ದೇವರ ವಿಗ್ರಹಗಳನ್ನು ಉಬ್ಬಿಸಿ ಕೆತ್ತಿದ ಮದರಾಸಿನ 'ಸ್ವಾಮಿ' ಕೆಲಸದ ಟೀ ಪಾತ್ರೆಗಳಂತೂ ವೇಲ್ಸ್ ರಾಜಕುಮಾರನವರೆಗೆ ಹೋಗಿದ್ದವು.

ಸರಿ, ರಷ್ಯಾಕ್ಕೆ ಬರೋಣ. ಎನಾಮಲ್ ಅಂದ ಮೇಲೆ ರಷ್ಯದ ಚಕ್ರವರ್ತಿಗಳಿಗೆ ಒಡವೆ ಮಾಡಿಕೊಡುತ್ತಿದ್ದ ಫಾಬರ್ಜೆಯ ಹೆಸರು ಬಂದೇ ಬರುತ್ತದೆ. ಆ ಕಾಲದ ರಷ್ಯದ ಬೆಳ್ಳಿಯ ಬುಡದಲ್ಲಿ ಹೆಚ್ಚಾಗಿ 84 ಅನ್ನುವ ಅಂಕಿ ಇರುತ್ತದೆ. ಅಲ್ಲಿ ಆಗ ಪೂರ್ತಿ ಶುದ್ಧ ಅಂದರೆ 96. ನಮ್ಮ ಹಳಬರು ಹದಿನಾರಾಣೆ ಅಂತಾರಲ್ಲ, ಅವರಿಗೆ ತೊಂಬತ್ತಾರು. ಭಾಗಿಸಿ ನೋಡಿ, 84 ಅಂದರೆ ಸರಿಯಾಗಿ ಹದಿನಾಲ್ಕಾಣೆ ಬೆಳ್ಳಿ. ಅಂಕಿಯ ಜೊತೆಗೆ ತಲೆಗೆ ಸಾಂಪ್ರದಾಯಿಕ ಶಿರೋಭೂಷಣ ತೊಟ್ಟ ಹೆಂಗಸಿನ ಮುಖವಿದ್ದು, ಅವಳು ಎಡಕ್ಕೆ ನೋಡುತ್ತಿದ್ದರೆ 1908ಕ್ಕಿಂತ ಮೊದಲಿನದು, ಬಲಕ್ಕೆ ನೋಡುತ್ತಿದ್ದರೆ ಅಲ್ಲಿಂದ ಈಚಿನದು. ಒಂದು ಮುಖ ಯಾವ ಕಡೆ ತಿರುಗಿದೆ ಅನ್ನುವುದರಲ್ಲಿ ಕಾಲವೇ ಗೊತ್ತಾಗಿಬಿಡುತ್ತದೆ. ಇಂಥದ್ದನ್ನು ನೋಡದೆ ಬಿಡುತ್ತಾರಲ್ಲ, ನನಗೆ ಸಂಕಟ ಆಗುವುದು ಅದಕ್ಕೇ.

ಈಗ ಒಂದು ಕಥೆ ಹೇಳಲೇಬೇಕು. ಹೋದಲ್ಲೆಲ್ಲ ಹೇಳುತ್ತೇನೆ, ಮೊದಲೇ ಕೇಳಿದವರು ಕ್ಷಮಿಸಿ.

ಅಮೆರಿಕದ ಮಧ್ಯಭಾಗದ ಒಂದು ಊರಿನಲ್ಲಿ ಒಬ್ಬ ಗುಜರಿ ವ್ಯಾಪಾರಿ. ಹಳೆಯ ಚಿನ್ನ ಕೊಂಡು, ಕರಗಿಸುವವರಿಗೆ ಮಾರುವುದು ಕಸುಬು. ಹಳೆ ಸಾಮಾನಿನ ಸಂತೆಯಲ್ಲಿ ಅವನಿಗೊಂದು ಚಿನ್ನದ ಮೊಟ್ಟೆ ಸಿಕ್ಕಿತು. ಎತ್ತರ ಎಂಟು ಸೆಂಟಿಮೀಟರಿನ ಆಸುಪಾಸು. ಮೂರು ಕಾಲಿನ ಪೀಠ, ಸುತ್ತ ನೀಲಮಣಿ, ಮುಂದೆ ಒಂದು ವಜ್ರ. ವಜ್ರ ಒತ್ತಿದರೆ ಮೊಟ್ಟೆ ತೆರೆದು ಒಳಗೊಂದು ಹೆಂಗಸರ ಗಡಿಯಾರ. ಅವನು ಮಾಡಿದ್ದು ಗುಜರಿಯವರ ಲೆಕ್ಕ. ಚಿನ್ನ ಇಷ್ಟು ತೂಕ, ಕಲ್ಲು ಇಷ್ಟು ಬೆಲೆ. ಸುಮಾರು ಹದಿನಾಲ್ಕು ಸಾವಿರ ಡಾಲರ್ ಕೊಟ್ಟ. ಮಾರಲು ಹೋದರೆ ಯಾರೂ ಅಷ್ಟು ಕೊಡಲಿಲ್ಲ. ನೀನೇ ಜಾಸ್ತಿ ಕೊಟ್ಟು ಮೋಸ ಹೋಗಿದ್ದೀಯ ಅಂದರು. ಚಿನ್ನ ಅಸಲಿಯೋ ಅಂತ ಗೀರಿ ನೋಡಿದ ಗುರುತು ಇವತ್ತಿಗೂ ಅದರ ಮೈಮೇಲಿದೆಯಂತೆ. ಯಾರಾದರೂ ಅವತ್ತು ಒಂದಿಷ್ಟು ಹೆಚ್ಚು ಕೊಟ್ಟಿದ್ದರೆ ಅದು ಕುಲುಮೆಗೆ ಹೋಗಿ ಗಟ್ಟಿಯಾಗಿ ಹೊರಗೆ ಬರುತ್ತಿತ್ತು. ಯೋಚಿಸಿ ನೋಡಿ!

ಮೊಟ್ಟೆ ಮನೆಯಲ್ಲೇ ಉಳಿಯಿತು. 2012ರಲ್ಲಿ ಒಂದು ರಾತ್ರಿ ಆ ಮನುಷ್ಯ ಕೊನೆಗೂ ಮಾಡಬೇಕಾದ ಕೆಲಸ ಮಾಡಿದ. ಒಳಗಿನ ಗಡಿಯಾರದ ಮೇಲಿದ್ದ ಹೆಸರನ್ನು ಓದಿದ. ವಶೆರೋನ್ ಕಾನ್‌ಸ್ಟಾಂಟಿನ್. ಸ್ವಿಟ್ಜರ್ಲೆಂಡಿನ ಗಡಿಯಾರ ಕಂಪನಿ. ಆ ಹೆಸರು, ಜೊತೆಗೆ 'ಮೊಟ್ಟೆ' ಅನ್ನುವ ಒಂದು ಪದ ಹಾಕಿ ಇಂಟರ್ನೆಟ್ಟಿನಲ್ಲಿ ಹುಡುಕಿದ. ಲಂಡನ್ನಿನ ಟೆಲಿಗ್ರಾಫ್ ಪತ್ರಿಕೆಯ 2011ರ ಲೇಖನವೊಂದು ಎದುರಾಯಿತು. ಕಳೆದುಹೋದ ಫಾಬರ್ಜೆ ಮೊಟ್ಟೆಯೊಂದು ಯಾರ ಮನೆಯಲ್ಲಿರಬಹುದು, ಅದರ ಬೆಲೆ 20 ಮಿಲಿಯನ್ ಪೌಂಡ್ ಆದೀತು ಅಂತ. ಅಲ್ಲಿದ್ದ ಹಳೆಯ ಚಿತ್ರ ನೋಡುತ್ತಾನೆ, ತನ್ನ ಮನೆಯ ಮೊಟ್ಟೆ!

ಫೋಟೋ ಹಿಡಿದುಕೊಂಡು ಲಂಡನ್ನಿಗೆ ವಿಮಾನ ಹತ್ತಿದ. ವಾರ್ಟ್‌ಸ್ಕಿ ಅನ್ನುವ ಹಳೆಯ ಒಡವೆ ಅಂಗಡಿಗೆ ಹೋದ. ಅಲ್ಲಿನ ಫಾಬರ್ಜೆ ತಜ್ಞ ಕೀರನ್ ಮೆಕಾರ್ಥಿ ಚಿತ್ರ ನೋಡಿ, ತಾನೇ ಅಮೆರಿಕಕ್ಕೆ ಹಾರಿ ಆ ಮನೆಗೆ ಬಂದರು. ಅಡುಗೆಮನೆಯಲ್ಲಿ ಒಂದು ಕಪ್ ಕೇಕಿನ ಪಕ್ಕ ರಷ್ಯದ ಚಕ್ರವರ್ತಿಯ ಮೊಟ್ಟೆ ಕೂತಿತ್ತು. ಮೂರನೆಯ ಅಲೆಕ್ಸಾಂಡರ್ 1887ರ ಈಸ್ಟರ್ ಹಬ್ಬಕ್ಕೆ ರಾಣಿ ಮಾರಿಯಾ ಫ್ಯೋಡೊರೊವ್ನಾಗೆ ಕೊಟ್ಟ ಉಡುಗೊರೆ. ಕ್ರಾಂತಿಯ ನಂತರ ಅರಮನೆಯಿಂದ ಹೊರಟು, 1922ರವರೆಗೆ ಮಾಸ್ಕೋದ ದಾಖಲೆಯಲ್ಲಿದ್ದು, ಆಮೇಲೆ ನಾಪತ್ತೆ. ವಾರ್ಟ್‌ಸ್ಕಿಯವರು ಒಬ್ಬ ಸಂಗ್ರಾಹಕರಿಗೆ ಅದನ್ನು ಕೊಡಿಸಿ, 2014ರ ಏಪ್ರಿಲ್‌ನಲ್ಲಿ ನಾಲ್ಕು ದಿನ ಲಂಡನ್ನಿನ ಜನರಿಗೂ ತೋರಿಸಿದರು.

ಇದರಲ್ಲಿ ನನಗೆ ಹೆಚ್ಚು ಇಷ್ಟವಾದ ಭಾಗ ಇನ್ನೂ ಹೇಳಿಲ್ಲ. ಈ ಮೊಟ್ಟೆ 1964ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಪಾರ್ಕ್ ಬರ್ನೆಟ್ ಹರಾಜಿನಲ್ಲೇ ಮಾರಾಟವಾಗಿತ್ತು. ಕ್ಯಾಟಲಾಗಿನಲ್ಲಿ ಬರೆದಿದ್ದು ಮೊಟ್ಟೆಯಾಕಾರದ ಪೆಟ್ಟಿಗೆಯಲ್ಲಿರುವ ಚಿನ್ನದ ಗಡಿಯಾರ ಅಂತ. ಫಾಬರ್ಜೆಯ ಹೆಸರಿಲ್ಲ, ಚಕ್ರವರ್ತಿಯ ಹೆಸರಿಲ್ಲ. ಹೋದ ಬೆಲೆ 2,450 ಡಾಲರ್. ಎಂಥೆಂಥ ಕಣ್ಣುಗಳು ಕೂತಿದ್ದ ಸಭಾಂಗಣ ಅದು! ಕ್ಯಾಟಲಾಗ್ ಹೇಳಿದ್ದನ್ನು ಎಲ್ಲರೂ ನಂಬಿದರು. ಅದಕ್ಕೇ ಹೇಳುವುದು, ಕ್ಯಾಟಲಾಗ್ ಓದುವುದಕ್ಕಿಂತ ಮೊದಲು ವಸ್ತುವನ್ನು ಓದಿ. ತಿರುಗಿಸಿ, ತೆರೆದು, ಒಳಗೆ ಹೊರಗೆ ಎಲ್ಲಿ ಅಕ್ಷರವಿದೆಯೋ ಅದನ್ನು ಓದಿ. ಹರಾಜಿಗೆ ಮುಂಚೆ ವಸ್ತುಗಳನ್ನು ನೋಡಲು ದಿನ ಕೊಡುತ್ತಾರೆ. ಆ ದಿನ ಹೋಗದೆ, ಹರಾಜಿನ ದಿನ ಕೋಟು ಹಾಕಿಕೊಂಡು ಹೋಗಿ ಏನು ಪ್ರಯೋಜನ?

ಗಾಜಿನ ಆಚೆ ನಮ್ಮ ಕಾರ್ಯಕ್ರಮದವರು ಗಡಿಯಾರ ತೋರಿಸುತ್ತಿದ್ದಾರೆ. ಆ ಮೊಟ್ಟೆಯ ಹೊರಮೈ ಬರೀ ಚಿನ್ನ, ಎನಾಮಲ್ಲೇ ಅಲ್ಲ. ನಾನು ಎನಾಮಲ್ ಬಗ್ಗೆ ಮಾತಾಡಬೇಕಿತ್ತು. ಬೇಗ ಬೇಗ ಹೇಳುತ್ತೇನೆ.

ಎನಾಮಲ್ ಅಂದರೆ ಬಣ್ಣವಲ್ಲ, ಗಾಜು. ಬಣ್ಣದ ಗಾಜನ್ನು ನುಣ್ಣಗೆ ಅರೆದು ಲೋಹದ ಮೇಲೆ ಹರಡಿ, ಎಂಟುನೂರು ಡಿಗ್ರಿಯ ಆಸುಪಾಸಿನ ಕುಲುಮೆಯಲ್ಲಿ ಕರಗಿಸಿ ಅಂಟಿಸುವುದು. ಜೈಪುರದ ಮೀನಾಕಾರಿಯೂ ಇದೇ. ಫಾಬರ್ಜೆಯ ಕೆಲಸದಲ್ಲಿ ಮೊದಲು ಯಂತ್ರದಿಂದ ಲೋಹದ ಮೇಲೆ ಅಲೆಅಲೆಯಾಗಿ ಗೆರೆ ಕೊರೆದು, ಅದರ ಮೇಲೆ ಪಾರದರ್ಶಕ ಎನಾಮಲ್ಲನ್ನು ಪದರ ಪದರವಾಗಿ ಸುಡುತ್ತಿದ್ದರು. ಬೆಳಕು ಒಳಗೆ ಹೋಗಿ ಗೆರೆಗೆ ತಾಗಿ ವಾಪಸ್ ಬರುತ್ತದೆ. ರೇಷ್ಮೆ ಸೀರೆಗೂ ಆ ಮಿನುಗು ಇಲ್ಲ. ರಾಥ್‌ಶೀಲ್ಡ್ ಕುಟುಂಬದ ಗುಲಾಬಿ ಎನಾಮಲ್ಲಿನ ಫಾಬರ್ಜೆ ಮೊಟ್ಟೆ 2007ರಲ್ಲಿ ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ಶುಲ್ಕವೆಲ್ಲ ಸೇರಿ 89 ಲಕ್ಷ ಪೌಂಡಿಗೂ ಮಿಕ್ಕಿ ಹೋಯಿತು.

ಗಾಜು ಆದ್ದರಿಂದ ಒಡೆಯುತ್ತದೆ. ಮತ್ತೆ ಕುಲುಮೆಗಿಟ್ಟರೆ ಪೂರ್ತಿ ಹಾಳಾಗುವ ಭಯ. ಅದಕ್ಕೆ ರಿಪೇರಿಯವರು ರಾಳದ ಬಣ್ಣ ತುಂಬಿ ಮುಚ್ಚುತ್ತಾರೆ. ವಸ್ತುವನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಅಷ್ಟು ಜಾಗ ಮಂಕಾಗಿ ಕಾಣುತ್ತದೆ. ನೇರಳಾತೀತ ಬೆಳಕಿನ ಟಾರ್ಚ್ ಹಾಕಿದರೆ ಬೇರೆಯಾಗಿ ಹೊಳೆಯುತ್ತದೆ. ಫಾಬರ್ಜೆ ಅಂತ ಮುದ್ರೆ ಒತ್ತಿದ ನಕಲಿಗಳು ಮಾರುಕಟ್ಟೆಯಲ್ಲಿ ಲೆಕ್ಕವಿಲ್ಲದಷ್ಟಿವೆ, ಅದಕ್ಕೇ ಮುದ್ರೆ ಇದ್ದರೆ ಸಾಲದು, ಮುದ್ರೆಯ ಅಂಚು ಎಷ್ಟು ಚೂಪಾಗಿದೆ, ಸರಿಯಾದ ಜಾಗದಲ್ಲಿದೆಯೇ ನೋಡಿ. ಹಳೇ ಇಂಗ್ಲೆಂಡಿನಲ್ಲಿ ಸುಂಕ ತಪ್ಪಿಸಲು ಚಿಕ್ಕ ಸಾಮಾನಿನ ಮುದ್ರೆ ಕತ್ತರಿಸಿ ದೊಡ್ಡ ಸಾಮಾನಿನ ಬುಡಕ್ಕೆ ಬೆಸೆಯುತ್ತಿದ್ದ ಚಾಲಾಕಿಗಳೂ ಇದ್ದರು. ಬುಡಕ್ಕೆ ಬಾಯಿಂದ ಹಬೆ ಬಿಟ್ಟು ನೋಡಿ, ಬೆಸುಗೆಯ ಗೆರೆ ಕಾಣುತ್ತದೆ. ಮೇಣದಬತ್ತಿಯ ಕಂಬ ಭಾರವಾಗಿದೆ ಅಂತ ಹಿಗ್ಗಬೇಡಿ, ಒಳಗೆ ಅರಗಿನಂಥದ್ದೇನೋ ತುಂಬಿರುತ್ತಾರೆ.

ದುಡ್ಡಿನ ಮಾತು. ಸುತ್ತಿಗೆ ಬಿದ್ದ ಬೆಲೆ ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಹರಾಜಿನವರ ಕಮಿಷನ್ ಕಾಲು ಭಾಗ ಅಂದುಕೊಳ್ಳಿ, ಕಮಿಷನ್ ಮೇಲೆ ತೆರಿಗೆ. ಸಾವಿರ ಪೌಂಡಿಗೆ ಕೂಗಿದ್ದು ಸಾವಿರದ ಮುನ್ನೂರು ಆಯಿತು. ಸಾಗಣೆ, ವಿಮೆ, ಇಲ್ಲಿನ ಕಸ್ಟಮ್ಸ್ ಸುಂಕ ಬೇರೆ. ನಿಮ್ಮ ಕೊನೆಯ ಬೆಲೆಯನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೂರಿ, ಪಕ್ಕದವನು ಕೈ ಎತ್ತಿದ ಅಂತ ನೀವೂ ಎತ್ತಬೇಡಿ.

ಮನೆಯಲ್ಲಿರುವ ಹಳೆಯ ಬೆಳ್ಳಿಯನ್ನು ಹಬ್ಬ ಬಂತೆಂದು ವಿಭೂತಿ ಹಾಕಿ ಗಸಗಸ ತಿಕ್ಕಬೇಡಿ. ತಿಕ್ಕಿ ತಿಕ್ಕಿ ಸಿಂಹವನ್ನೇ ಅಳಿಸಿಹಾಕಿದ ಮನೆಗಳಿವೆ. ಎನಾಮಲ್ ಇರುವುದಕ್ಕೆ ಹುಣಸೆಹಣ್ಣು, ನಿಂಬೆಹಣ್ಣು ಹತ್ತಿರಕ್ಕೂ ತರಬೇಡಿ. ಮೆತ್ತನೆ ಬಟ್ಟೆ ಸಾಕು.

ಕೊನೆಯದಾಗಿ ಕಾನೂನು. ನೂರು ವರ್ಷ ದಾಟಿದ ಇಂಥ ವಸ್ತು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು. ಅದನ್ನು ನೀವು ದೇಶದಾಚೆ ಕಳಿಸುವಂತಿಲ್ಲ. ವ್ಯಾಪಾರ ಮಾಡಲು ಪರವಾನಗಿ ಬೇಕು. ಅಜ್ಜಿಯ ಬೆಳ್ಳಿ ಪಾತ್ರೆ ಲಂಡನ್ನಿನಲ್ಲಿ ಒಳ್ಳೆ ಬೆಲೆಗೆ ಹೋದೀತು ಅಂತ ಮಗಳ ಸೂಟ್‌ಕೇಸಿನಲ್ಲಿ ಸೀರೆಯೊಳಗೆ ಸುತ್ತಿ ಇಡುವ ಯೋಚನೆ ಇದ್ದರೆ ಈಗಲೇ ಬಿಡಿ. ಅಷ್ಟು ಹಳೆಯದಲ್ಲ ಅನಿಸಿದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಗೆ ತೋರಿಸಿ, ಇದು ಪುರಾತನ ವಸ್ತುವಲ್ಲ ಅನ್ನುವ ಪ್ರಮಾಣಪತ್ರ ಪಡೆದುಕೊಂಡು ಕಳಿಸಿ. ನಮಸ್ಕಾರ.